ಒಣ ಹೊಸ್ತಿಲು

ರಾಯಚೂರಿನ ನಮ್ಮ ಮನೆಗೆ ಗೆದ್ದಲು ಹತ್ತಿದ್ದು ಮೊದಲು ಗೊತ್ತಾದದ್ದು ನನ್ನ ಹಳೆಯ ಪ್ರಶ್ನೆಪತ್ರಿಕೆಗಳ ಕಟ್ಟಿನಿಂದ. ದೇವದುರ್ಗದ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನ ಕಲಿಸುವವಳು ನಾನು. ಯಾವತ್ತೋ ಕೊಟ್ಟ ಪ್ರಶ್ನೆಯನ್ನು ಯಾವತ್ತೋ ಮತ್ತೆ ಕೊಡಬಹುದು ಎಂಬ ಸೋಮಾರಿತನದಲ್ಲಿ ಹಳೆಯದನ್ನೆಲ್ಲ ಗೋಡೆಯ ಕಪಾಟಿನ ಕೆಳಗಿನ ಖಾನೆಯಲ್ಲಿ ಒಟ್ಟಿದ್ದೆ. ಒಂದು ಭಾನುವಾರ ಕಟ್ಟನ್ನು ಎತ್ತಿದರೆ ಹಗುರಾಗಿ ಬಂತು. ಮೇಲಿನ ಹಾಳೆ ನೆಟ್ಟಗಿತ್ತು, ಅದರ ಕೆಳಗೆ ಬರೀ ಮಣ್ಣು. ನಾನು ಕಿರುಚಿದ್ದಕ್ಕೆ ಅಡುಗೆಮನೆಯಿಂದ ನಮ್ಮ ಅತ್ತೆ ಬಂದರು. ಬಗ್ಗಿ ನೋಡಿ, ಕಪಾಟಿನ ಹಲಗೆಯನ್ನು ಬೆರಳಿನಿಂದ ಕುಟ್ಟಿದರು. ಹಲಗೆ ಡೊಳ್ ಡೊಳ್ ಎಂದಿತು.

"ಗೆದ್ದಲ ಹತ್ಯಾವ ಬೇ. ಚಿಮಣಿ ಎಣ್ಣಿ ಹೊಡದ್ರ ಸಾಯ್ತಾವ" ಎಂದರು.

ಸೀಮೆಎಣ್ಣೆ ಈಗ ರಾಯಚೂರಿನಲ್ಲಿ ಎಲ್ಲಿ ಸಿಗುತ್ತದೆ ಎಂದು ನಾನು ರೇಗಿದೆ. ನನಗೆ ರೇಗಲು ದೊಡ್ಡ ಕಾರಣ ಬೇಕಾಗಿರಲಿಲ್ಲ. ಟಾರ್ಚು ಹಿಡಿದು ಮನೆಯೆಲ್ಲ ಹುಡುಕಿದಾಗ ಇನ್ನೊಂದು ಕಡೆಯೂ ಕಂಡಿತು. ಮುಂಬಾಗಿಲ ಚೌಕಟ್ಟಿನ ಮೂಲೆಯಲ್ಲಿ, ನೆಲದಿಂದ ಗೇಣುದ್ದ, ಕಡ್ಡಿಯಷ್ಟು ದಪ್ಪದ ಒಂದು ಮಣ್ಣಿನ ಗೆರೆ. ಗೆರೆಯನ್ನು ಉಗುರಿನಿಂದ ಕೆರೆದರೆ ಒಳಗೆ ಬಿಳಿ ಹುಳುಗಳು ಗಡಿಬಿಡಿಯಲ್ಲಿ ಓಡಾಡುತ್ತಿದ್ದವು. ಅತ್ತೆಯ ಮುಖ ಅದನ್ನು ನೋಡಿ ಸಣ್ಣದಾಯಿತು.

ಅದಕ್ಕೆ ಕಾರಣವಿತ್ತು. ಆ ಬಾಗಿಲು ಕುರ್ಡಿಯ ಹಳೆಯ ಮನೆಯದು. ಕುರ್ಡಿ ನಮ್ಮವರ ಊರು, ಮಾನ್ವಿ ತಾಲ್ಲೂಕು. ಆ ಮನೆ ಬಿಚ್ಚಿ ಇಲ್ಲಿ ರಾಯಚೂರಿನಲ್ಲಿ ಕಟ್ಟಿಸುವಾಗ ಅತ್ತೆ ಬೇರೇನನ್ನೂ ಕೇಳಲಿಲ್ಲ. ಆ ಚೌಕಟ್ಟು ಮತ್ತು ಅದರ ಹೊಸ್ತಿಲು ಮಾತ್ರ ಹೊಸ ಮನೆಗೆ ಬರಬೇಕು ಎಂದರು. ಅವರು ಮದುವೆಯಾಗಿ ಬಂದು ಅಕ್ಕಿಯ ಸೇರು ಒದ್ದದ್ದು ಆ ಹೊಸ್ತಿಲ ಮೇಲೆ. ಮುಂದೆ ತವರು ಮಸರಕಲ್ಲಿನಿಂದ ಬಂದ ನಾನು ಒದ್ದದ್ದೂ ಅದರ ಮೇಲೆಯೇ. ಟ್ರ್ಯಾಕ್ಟರಿನಲ್ಲಿ ಅದನ್ನು ತರುವಾಗ ಅತ್ತೆ ಅದರ ಪಕ್ಕದಲ್ಲಿಯೇ ಕೂತು ಬಂದರು.

ದಿನಾ ಬೆಳಗ್ಗೆ ಆ ಹೊಸ್ತಿಲಿಗೆ ಸ್ನಾನವಾಗಬೇಕು. ಅತ್ತೆ ತಾವು ಮಿಂದು, ಹಣೆಗೆ ವಿಭೂತಿ ಹಚ್ಚಿಕೊಂಡು, ಒಂದು ತಂಬಿಗೆ ನೀರು ಹಿಡಿದು ಬಂದು ಕುಕ್ಕರಗಾಲಲ್ಲಿ ಕೂತರೆಂದರೆ ಲೋಕ ನಿಂತುಬಿಡಬೇಕು. ಮೊದಲು ತೊಳೆಯುವುದು, ಆಮೇಲೆ ಅರಿಶಿಣ ಸವರುವುದು, ಅದು ಒಂದಿಷ್ಟು ಆರಿದ ಮೇಲೆ ಕುಂಕುಮದ ಬೊಟ್ಟು, ಎರಡೂ ತುದಿಗೆ ಹೂವು. ಅಷ್ಟೂ ಹೊತ್ತು ಯಾರೂ ದಾಟುವ ಹಾಗಿಲ್ಲ. ನನ್ನ ದೇವದುರ್ಗದ ಬಸ್ಸು ಹೊರಡುವುದು ಸರಿಯಾಗಿ ಅದೇ ಹೊತ್ತಿಗೆ. ಒಂದು ಕೈಯಲ್ಲಿ ಬುತ್ತಿ, ಒಂದು ಕೈಯಲ್ಲಿ ಚಪ್ಪಲಿ ಹಿಡಿದು ನಾನು ಒಳಗೆ ನಿಂತು ಕುದಿಯುತ್ತಿದ್ದೆ. ಎಷ್ಟೋ ಸಲ ಬಸ್ಸು ತಪ್ಪಿಸಿಕೊಂಡು, ಜೀಪು ಹತ್ತಿ, ಶಾಲೆಗೆ ತಡವಾಗಿ ಹೋಗಿ ಮುಖ್ಯೋಪಾಧ್ಯಾಯರ ಮುಖ ನೋಡಿದ್ದೇನೆ. ಒಮ್ಮೆ ಒದ್ದೆ ಹೊಸ್ತಿಲ ಮೇಲೆ ಜಾರಿ ಬಿದ್ದು ಹೊಸ ಸೀರೆಯ ಅಂಚಿಗೆಲ್ಲ ಅರಿಶಿಣ ಮಾಡಿಕೊಂಡೆ. ಇದನ್ನೆಲ್ಲ ಅತ್ತೆಗೆ ಒಂದು ದಿನವೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಸೊಸೆ ದೇವರಿಗೇ ಅಡ್ಡ ಬಂದಳು ಎಂಬ ಮಾತು ಮಾನ್ವಿಯ ನಾದಿನಿಯ ಮನೆ ತನಕ ಹೋಗುತ್ತದೆ ಎಂಬ ಅಂಜಿಕೆ. ಪಾತ್ರೆ ಕುಕ್ಕುವುದರಲ್ಲಿ, ಗೇಟು ಜೋರಾಗಿ ಎಳೆಯುವುದರಲ್ಲಿ ಹೇಳುತ್ತಿದ್ದೆ, ಅಷ್ಟೇ.

ಗೆದ್ದಲಿನ ಔಷಧಿ ಹೊಡೆಯುವ ಕಂಪನಿಯೊಂದನ್ನು ನನ್ನ ಗಂಡ ಹುಡುಕಿದರು. ಅವರು ಮಾನ್ವಿಯ ಅಕ್ಕಿ ಗಿರಣಿಯಲ್ಲಿ ಲೆಕ್ಕ ನೋಡುವವರು. ಗಿರಣಿಯ ಗೋದಾಮಿಗೆ ಬಂದಿದ್ದವರನ್ನೇ ಮನೆಗೂ ಕರೆಸಿದರು. ಮಳೆಗಾಲ ಶುರುವಾಗುವ ಮುಂಚೆ ಇಬ್ಬರು ಬಂದರು. ಗೋಡೆ ಮತ್ತು ನೆಲ ಕೂಡುವ ಜಾಗದಲ್ಲಿ ಸಾಲಾಗಿ ತೂತು ಕೊರೆದು, ಒಂದೊಂದಕ್ಕೂ ಔಷಧಿ ಇಳಿಸಿ, ಬಿಳಿ ಸಿಮೆಂಟು ತುಂಬಿದರು. ಡ್ರಿಲ್ಲಿನ ಸದ್ದಿಗೆ ಓಣಿಯ ಮಂದಿಯೆಲ್ಲ ಹೊರಗೆ ಬಂದು ನಿಂತರು. ಮುಂಬಾಗಿಲಿನ ಹತ್ತಿರ ಕೊರೆಯುವಾಗ ಅತ್ತೆ ಹೊಸ್ತಿಲ ಮೇಲೆ ಗೋಣಿಚೀಲ ಹೊದಿಸಿ, ಅದರ ಮೇಲೆ ಕೈ ಇಟ್ಟುಕೊಂಡು ಕೂತಿದ್ದರು.

ಕೆಲಸ ಮುಗಿದ ಮೇಲೆ ಅವರು ಕರಾರಿನ ಕಾಗದ ಕೊಟ್ಟು ಹೋದರು. ಎರಡು ಹಾಳೆ, ಎರಡೂ ಇಂಗ್ಲಿಷಿನಲ್ಲಿ, ಸಣ್ಣ ಸಣ್ಣ ಅಕ್ಷರ. ಪ್ರಶ್ನೆ ಪೂರ್ತಿ ಓದದೆ ಉತ್ತರ ಬರೆಯಬೇಡಿ ಎಂದು ವರ್ಷಪೂರ್ತಿ ಮಕ್ಕಳ ಕಿವಿ ಹಿಂಡುವವಳು ನಾನು. ಆದರೂ ಕಾಗದದ ಹಿಂಬದಿ ಓದದೆಯೇ ಸಹಿ ಹಾಕಿದ್ದೆ. ರಾತ್ರಿ ಊಟಕ್ಕೆ ಮುಂಚೆ ಓದಲು ಕೂತೆ. ಗಂಡ ಮೊಬೈಲು ನೋಡುತ್ತಿದ್ದರು. ಅತ್ತೆ ಹೊರಸಿನ ಮೇಲಿಂದ ಎದ್ದು ಬಂದು ನನ್ನ ಎದುರಿಗೆ ನೆಲದ ಮೇಲೆ ಕೂತರು.

"ಏನ್ ಬರದಾರ ನೋಡು. ನನಗೂ ತಿಳಿಲಿ" ಎಂದರು.

ಅತ್ತೆಗೆ ಓದು ಬರುವುದಿಲ್ಲ. ಹೊಲದ ಪಹಣಿಯಿಂದ ಹಿಡಿದು ಮದುವೆಯ ಕಾರ್ಡಿನ ತನಕ ಎಲ್ಲವನ್ನೂ ಬೇರೆಯವರ ಬಾಯಿಂದಲೇ ಕೇಳಿದವರು. ಹಾಗಾಗಿ ಬರೆದದ್ದರ ಮೇಲೆ ಅವರಿಗಿದ್ದ ಮರ್ಯಾದೆ ದೊಡ್ಡದು. ನಾನು ಒಂದೊಂದೇ ಸಾಲನ್ನು ಕನ್ನಡ ಮಾಡಿ ಹೇಳುತ್ತ ಹೋದೆ. ಐದು ವರ್ಷ ಕರಾರು. ವರ್ಷಕ್ಕೊಮ್ಮೆ ಬಂದು ನೋಡುತ್ತಾರೆ. ಗೆದ್ದಲು ಮತ್ತೆ ಬಂದರೆ ಬಿಟ್ಟಿ ಔಷಧಿ ಹೊಡೆಯುತ್ತಾರೆ, ಆದರೆ ತಿಂದುಹೋದ ಕಟ್ಟಿಗೆಗೆ ಅವರು ಜವಾಬ್ದಾರರಲ್ಲ. ಔಷಧಿ ಹಾಕಿದ ಜಾಗ ಅಗೆಯಬಾರದು, ಒಡೆಯಬಾರದು. ಮನೆಯಲ್ಲಿ ಎಲ್ಲಾದರೂ ನೀರು ಸೋರುತ್ತಿದ್ದರೆ, ಗೋಡೆ ಹಸಿ ಹಿಡಿಯುತ್ತಿದ್ದರೆ ಮನೆಯವರೇ ಸರಿ ಮಾಡಿಸಬೇಕು.

ಇಷ್ಟು ಓದಿ ತಲೆ ಎತ್ತಿದೆ. ಅತ್ತೆ ನನ್ನ ಮುಖವನ್ನೇ ನೋಡುತ್ತಿದ್ದರು, ಪಾಠ ಕೇಳುವ ಒಳ್ಳೆಯ ಹುಡುಗಿಯ ಹಾಗೆ. ಆ ಗಳಿಗೆಯಲ್ಲಿ ನನಗೆ ಏನಾಯಿತೋ. ಬೆಳಗಿನ ಬಸ್ಸು ನೆನಪಾಯಿತು. ಮುಖ್ಯೋಪಾಧ್ಯಾಯರ ಮುಖ ನೆನಪಾಯಿತು. ನೀರಿನ ಸಾಲಿನ ಮೇಲೆ ಬೆರಳಿಟ್ಟುಕೊಂಡು, ಅದೇ ದನಿಯಲ್ಲಿ, "ಮುಂಬಾಗಿಲ ಹೊಸ್ತಿಲಿಗೆ ನೀರು ತಾಕಿಸಬಾರದು" ಎಂದು ಓದಿದೆ.

ಗಂಡ ಮೊಬೈಲಿನಿಂದ ತಲೆ ಎತ್ತಲಿಲ್ಲ.

ಅತ್ತೆ ಮುಂಬಾಗಿಲ ಕಡೆ ಒಮ್ಮೆ ನೋಡಿ, "ಬರದಾರಂದ್ರ ಮುಗೀತು ಬಿಡು" ಎಂದರು. ಎದ್ದು ಹೊರಸಿನ ತನಕ ಹೋದವರು ಅಲ್ಲಿಂದಲೇ ತಿರುಗಿ ಕೇಳಿದರು: "ಹಬ್ಬದ ದಿನಾನೂ ಬ್ಯಾಡೇನು? ಹಬ್ಬಕ್ಕ ಏನರ ಬಿಟ್ಟಾರೇನು ನೋಡು."

ನಾನು ಕಾಗದವನ್ನು ಮತ್ತೆ ನೋಡಿದೆ. ಹಿಂದೆ ಮುಂದೆ ತಿರುಗಿಸಿ ನೋಡಿದೆ. "ಇಲ್ರೀ ಅತ್ತಿ, ಬಿಟ್ಟಿಲ್ಲ" ಎಂದೆ. ಮೊದಲ ಸುಳ್ಳು ಸಿಟ್ಟಿನಲ್ಲಿ ಬಾಯಿ ಜಾರಿತು ಎಂದುಕೊಳ್ಳಬಹುದು. ಈ ಎರಡನೆಯದಕ್ಕೆ ಅಂಥ ಯಾವ ನೆಪವೂ ನನ್ನ ಹತ್ತಿರ ಇಲ್ಲ. ಹಬ್ಬಕ್ಕೆ ಬಿಟ್ಟಿದ್ದಾರೆ ಎಂದಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಹಬ್ಬದ ದಿನ ಶಾಲೆಗೆ ರಜೆಯೇ ಇರುತ್ತಿತ್ತು. ಒಂದು ಕಡೆ ಸಡಿಲ ಬಿಟ್ಟರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ ಎಂದು ಹೆದರಿ ಬಿಗಿಯಾಗಿ ಕಟ್ಟಿದೆ.

ಮರುದಿನದಿಂದ ನನಗೆ ಬಸ್ಸು ಸಿಗತೊಡಗಿತು. ಕಿಟಕಿಯ ಪಕ್ಕ ಸೀಟು ಕೂಡ ಸಿಗುತ್ತಿತ್ತು. ಮೊದಲ ವಾರ ಸುಖವಾಗಿಯೇ ಇದ್ದೆ, ಸುಳ್ಳು ಯಾಕೆ ಹೇಳಲಿ.

ಆದರೆ ಅತ್ತೆ ನಾನು ಎಣಿಸಿದ್ದಕ್ಕಿಂತ ಹೆಚ್ಚು ಕಟ್ಟುನಿಟ್ಟಾಗಿ ಕರಾರು ಪಾಲಿಸಿದರು. ಒಣ ಅರಿಶಿಣವನ್ನಾದರೂ ಇಡಬಹುದಿತ್ತು, ಅದೂ ಬೇಡವೆಂದರು, ಅರಿಶಿಣದ ಪುಡಿ ಹಸಿಯನ್ನು ಎಳೆದುಕೊಳ್ಳುತ್ತದಂತೆ. ಬೆಳಗ್ಗೆ ಮಿಂದು ಬಂದು ಹೊಸ್ತಿಲ ಮುಂದೆ ನಿಂತು, ಕೈ ಮುಗಿದು, ಒಳಗೆ ಹೋಗಿಬಿಡುತ್ತಿದ್ದರು. ಮಳೆ ಶುರುವಾದ ಮೇಲೆ ಬಾಗಿಲ ಬಳಿ ಹಳೆಯ ಟವೆಲು ಹಿಡಿದು ಕೂಡುತ್ತಿದ್ದರು. ಯಾರೇ ಬಂದರೂ, "ಕಾಲ ಒರಸಿಕೊಂಡ ಬರ್ರಿ, ಕಂಪನಿಯವರ ಕರಾರ ಅದ" ಎನ್ನುತ್ತಿದ್ದರು. ಓಣಿಯ ಹೆಂಗಸರು ನಕ್ಕರು. ಶ್ರಾವಣದಲ್ಲಿ ಭಿಕ್ಷಕ್ಕೆ ಬರುವ ಜಂಗಮ ಅಯ್ಯನವರ ಪಾದಕ್ಕೆ ನಮ್ಮಲ್ಲಿ ಹೊಸ್ತಿಲಲ್ಲಿಯೇ ನೀರು ಹಾಕುವುದು ವಾಡಿಕೆ. ಆ ವರ್ಷ ಅತ್ತೆ ಅಂಥ ಹಿರಿಯರನ್ನು ಸುತ್ತು ಹಾಕಿಸಿ ಹಿತ್ತಲ ನಳದ ಹತ್ತಿರ ಕರೆದೊಯ್ದು ಪಾದ ತೊಳೆದರು. "ತಪ್ಪ ತಿಳಕೋಬ್ಯಾಡ್ರಿ ಯಪ್ಪಾ, ಬರವಣಿಗಿ ಆಗ್ಯದ" ಎಂದು ಅವರ ಮುಂದೆ ಕೈ ಮುಗಿದರು. ಅಯ್ಯನವರು ಪಾಪ, ಬೇಸರ ಮಾಡಿಕೊಳ್ಳಲಿಲ್ಲ. ಅಡುಗೆಮನೆಯ ಕಿಟಕಿಯಿಂದ ಅದನ್ನು ನೋಡಿದ ನಾನು ರೊಟ್ಟಿ ಸುಟ್ಟೆ. ಅಂದೇ ಹೇಳಿಬಿಡಬೇಕಿತ್ತು.

ಹೇಳಲಿಲ್ಲ. ದಸರೆ ಬಂತು, ದೀಪಾವಳಿ ಬಂತು, ಹೊಸ್ತಿಲು ಒಣಗಿಯೇ ಇತ್ತು. ದಿನಾ ಅರಿಶಿಣ ಕುಡಿದು ಹೊಳೆಯುತ್ತಿದ್ದ ಕಟ್ಟಿಗೆ ಬೂದಿಯ ಬಣ್ಣಕ್ಕೆ ತಿರುಗಿತು.

ಚಳಿಗಾಲದಲ್ಲಿ ಮಾನ್ವಿಯ ನಾದಿನಿಯ ಮನೆಯಲ್ಲಿ ಅವಳ ಮಗಳ ನಿಶ್ಚಿತಾರ್ಥವಿತ್ತು. ಅತ್ತೆ ಮುಂಚೆಯೇ ಹೋಗಿದ್ದರು. ನಾವು ಹಿಂದಿನ ದಿನ ಸಂಜೆ ಹೋಗಿ ಉಳಿದೆವು. ಬೆಳಗ್ಗೆ ಎದ್ದು ಹೊರಗೆ ಬಂದರೆ ಅತ್ತೆ ಮಗಳ ಮನೆಯ ಹೊಸ್ತಿಲ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದರು. ಆ ಮನೆಯದು ಕಲ್ಲಿನ ಹೊಸ್ತಿಲು. ತಂಬಿಗೆ ಅಲ್ಲ, ಬಕೆಟ್ಟು ತುಂಬ ನೀರು ಇಟ್ಟುಕೊಂಡು, ಅಂಗೈಯಿಂದ ಸವರಿ ಸವರಿ ತೊಳೆಯುತ್ತಿದ್ದರು. ಮೊಣಕೈ ತನಕ ಅರಿಶಿಣವಾಗಿತ್ತು. ಏನೋ ಗುನುಗುತ್ತಿದ್ದರು. ಅವರು ಗುನುಗುವುದನ್ನು ನಾನು ಕೇಳಿ ಎಷ್ಟು ದಿನವಾಗಿತ್ತು ಎಂಬುದು ಆಗಲೇ ಹೊಳೆದದ್ದು.

ನಾದಿನಿ ನನ್ನ ಪಕ್ಕ ಬಂದು ನಿಂತಳು. "ಬಂದಾಗಿಂದ ಇದೇ ಕೆಲಸ ನೋಡ್ರಿ ವೈನಿ. ಮುಂಜಾನಿ ಒಮ್ಮಿ, ಸಂಜಿಗೊಮ್ಮಿ. ನಿಮ್ಮ ಮನ್ಯಾಗ ಕರಾರ ಅದ ಅಂತಲ್ಲ?" ಎಂದಳು.

"ಹೂಂ" ಎಂದೆ.

"ನಮ್ಮ ಸೊಸಿ ಓದಿ ಹೇಳಿದ್ಳು, ಇಲ್ಲದಿದ್ರ ನನಗೇನ ತಿಳೀತಿತ್ತು ಅಂತ ಅವ್ವ ಹಾಡಿ ಹೊಗಳ್ತಾಳ ನಿಮ್ಮನ್ನ."

ಅವತ್ತು ನಿಶ್ಚಿತಾರ್ಥದ ಊಟದಲ್ಲಿ ನನ್ನ ಹೋಳಿಗೆಯನ್ನು ಗಂಡನ ಎಲೆಗೆ ಹಾಕಿದೆ. ಬಸ್ಸಿನಲ್ಲಿ ವಾಪಸು ಬರುವಾಗ ಅತ್ತೆ ಪಕ್ಕದಲ್ಲಿಯೇ ಕೂತಿದ್ದರು. ರಾಯಚೂರು ಬರುವುದರೊಳಗೆ ಹೇಳುತ್ತೇನೆ ಎಂದುಕೊಂಡೆ. ದಾರಿಯುದ್ದಕ್ಕೂ ಮನಸ್ಸಿನಲ್ಲಿ ಮಾತು ಜೋಡಿಸಿದೆ. ಬಸ್‌ಸ್ಟ್ಯಾಂಡು ಬಂದಾಗ ಅವರ ಚೀಲ ಎತ್ತಿಕೊಂಡು ಇಳಿದೆ, ಅಷ್ಟೇ.

ಬೇಸಿಗೆಯ ಹೊತ್ತಿಗೆ ಅತ್ತೆಯ ಸೊಂಟ ಹಿಡಿದುಕೊಳ್ಳತೊಡಗಿತು. ನೆಲದ ಮೇಲೆ ಕೂತು ಉಣ್ಣುವುದು ನಿಂತು, ಕುರ್ಚಿ ಬಂತು. ವಯಸ್ಸು ಎಂದರು ಡಾಕ್ಟರು. ವಯಸ್ಸು ಎಂದರು ನನ್ನ ಗಂಡ. ಇರಬಹುದು. ಆದರೆ ದಿನಾ ಬೆಳಗ್ಗೆ ಕೂತು, ಬಗ್ಗಿ, ತೊಳೆದು, ಎದ್ದು ಬಂದ ಮೈ ಅದು. ಆ ಅಭ್ಯಾಸವನ್ನು ನಾನು ತಪ್ಪಿಸಿದ್ದೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಯಾರು ಎಷ್ಟು ಹೇಳಿದರೂ ನನ್ನ ಮನಸ್ಸು ಕೇಳುವುದಿಲ್ಲ.

ಮಳೆಗಾಲಕ್ಕೆ ಮುಂಚೆ ಕಂಪನಿಯವನು ವರ್ಷದ ತಪಾಸಣೆಗೆ ಬಂದ. ಬಲು ಮಾತಿನ ಮಲ್ಲ. ಒಂದು ಕಿವಿಗೆ ಮೊಬೈಲು ಹಚ್ಚಿಕೊಂಡೇ ಸ್ಕ್ರೂಡ್ರೈವರಿನಿಂದ ಚೌಕಟ್ಟುಗಳನ್ನು ಕುಟ್ಟುತ್ತ ಮನೆಯೆಲ್ಲ ಸುತ್ತಿದ. ಮಲಗುವ ಕೋಣೆಯ ಕಿಟಕಿಗೆ ಬಂದು ನಿಂತ. ಅಲ್ಲಿ ನಮ್ಮ ಕೂಲರು ಇದೆ. ರಾಯಚೂರಿನ ಬೇಸಿಗೆಯಲ್ಲಿ ಕೂಲರಿಲ್ಲದೆ ನನಗೆ ನಿದ್ದೆ ಬರುವುದಿಲ್ಲ. ದಿನಾ ಅದಕ್ಕೆ ನೀರು ತುಂಬುವವಳೂ ನಾನೇ. ಸ್ಕ್ರೂಡ್ರೈವರು ಕಿಟಕಿಯ ಚೌಕಟ್ಟಿನೊಳಗೆ ಹಿಡಿಯ ತನಕ ಇಳಿಯಿತು.

"ನೋಡ್ರಿ ಮೇಡಂ, ಕೂಲರ್ ನೀರು ಸೀದಾ ಗೋಡಿಗೆ ಇಳಿಯಾಕತ್ತದ. ಇದಕ್ಕೇ ನೀರ ಸೋರಬಾರದು ಅಂತ ಕಾಗದದಾಗ ಬರದಿರ್ತೀವಿ. ಔಷಧಿ ಮತ್ತ ಹೊಡೀತೀವಿ, ಖರೆ ಕಿಟಕಿ ಖರ್ಚು ನಿಮ್ದು" ಎಂದ.

ಅಷ್ಟರಲ್ಲಿ ಅತ್ತೆ ಗೋಡೆ ಹಿಡಿದುಕೊಂಡು ಕೋಣೆಗೆ ಬಂದರು. ಗೆದ್ದಲು ಮತ್ತೆ ಬಂದಿದೆ ಎಂಬುದಷ್ಟು ಅವರ ಕಿವಿಗೆ ಬಿದ್ದಿತ್ತು. ಮುಖದಲ್ಲಿ ಗಾಬರಿ.

"ಯಪ್ಪಾ, ಮುಂದಿನ ಬಾಗಲಾ ನೋಡಿದೇನು? ನಾ ಹೊಸ್ತಿಲಕ್ಕ ಒಂದ್ ಹನಿ ನೀರ ಹಾಕಿಲ್ಲಪ್ಪಾ. ಹಬ್ಬಕ್ಕೂ ಹಾಕಿಲ್ಲ. ಬೇಕಾರ ಓಣ್ಯಾಗ ಕೇಳು" ಎಂದರು.

ಅವನಿಗೆ ಅರ್ಥವಾಗಲಿಲ್ಲ. "ಯಾಕ ಹಾಕಿಲ್ಲವ್ವಾ?"

"ಕರಾರದಾಗ ಬರದೀರಲ್ಲ."

"ಅರೆ, ಹಂಗ್ಯಾಕ ಬರೀತೀವಿ? ಒಂದ್ ತಂಬಿಗಿ ನೀರಿಗೆ ಏನಾಗ್ತದ? ನಮ್ಮ ಅಮ್ಮೀನೂ ದಿನಾ ಬಾಗಲಾ ತೊಳೀತಾಳ. ನಿಮ್ಮ ಹೊಸ್ತಿಲಾ ಹಳೀ ಸಾಗವಾನಿ, ಒಳಗ ಗಟ್ಟಿ ಅದ. ಹುಳ ಮ್ಯಾಲಷ್ಟ ಹಾದಹೋಗಿದ್ವು" ಎಂದು ನಕ್ಕ. ಆಮೇಲೆ, "ಯಾರ ಹೇಳಿದ್ರು ನಿಮಗ?" ಎಂದು ಕೇಳಿಯೇಬಿಟ್ಟ.

ನಾನು ಕೂಲರಿಗೆ ಒರಗಿಕೊಂಡು ನಿಂತಿದ್ದೆ. ಅತ್ತೆ ನನ್ನ ಕಡೆ ತಿರುಗಿದರು. ಸಿಟ್ಟಿನ ನೋಟವಾಗಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ. ಅದು ಒಂದು ಲೆಕ್ಕವನ್ನು ಮನಸ್ಸಿನಲ್ಲಿಯೇ ಮಾಡಿ ಮುಗಿಸುವವರ ನೋಟವಾಗಿತ್ತು. ಆಮೇಲೆ ಅವನ ಕಡೆ ತಿರುಗಿ, "ಯಾರೂ ಹೇಳಿಲ್ಲಪ್ಪಾ. ಓದಿದ್ದು ನನಗ ಸರಿ ಕೇಳಿಸಿಲ್ಲ ಅಂತ ಕಾಣ್ತದ. ಕಿವಿ ಮಂದ ಆಗ್ಯಾವ" ಎಂದರು.

ಅಡುಗೆಮನೆಯಲ್ಲಿ ಹಾಲು ಉಕ್ಕುವುದನ್ನು ಪಡಸಾಲೆಯಿಂದ ಕೇಳಿಸಿಕೊಳ್ಳುವ ಕಿವಿ ಅವರದು. ಪರರ ಮುಂದೆ ಸೊಸೆಯ ಮಾನ ಹೋಗಬಾರದೆಂದು ಆ ಕಿವಿಯನ್ನು ಮಂದ ಮಾಡಿಕೊಂಡರು.

ಅವನು ಹೋದ ಮೇಲೆ ಅತ್ತೆ ಕುರ್ಚಿಯಲ್ಲಿ ಕೂತು ತೊಗರಿಬೇಳೆ ಹಸನು ಮಾಡತೊಡಗಿದರು. ನಾನು ಎದುರಿಗೆ ನೆಲದ ಮೇಲೆ ಕೂತೆ. "ಅತ್ತೀ, ಅದು ಕಾಗದದಾಗ ಇರಲಿಲ್ರೀ. ನಾನೇ ಸೇರಿಸಿ ಓದಿದ್ದೆ. ನನಗ ಬಸ್ಸು ತಪ್ಪತಿತ್ತು..." ಎಂದೆ. 

ಅವರು ಮೊರದಿಂದ ಕಣ್ಣು ಎತ್ತಲಿಲ್ಲ. ಒಂದು ಹರಳು ಆರಿಸಿ ಪಕ್ಕಕ್ಕೆ ಇಟ್ಟರು.

"ಬಸ್ಸಿಗೆ ಹೊತ್ತಾಗ್ತದ ಅಂದಿದ್ರ ನಾ ಇನ್ನೊಂದೀಟ ಲಗೂ ಏಳ್ತಿದ್ನಲ್ಲಬೇ" ಎಂದರು.

ಅಷ್ಟೇ ಅಂದರು. ನಾನು ಅತ್ತುಬಿಟ್ಟೆ. ಅವರು ಬೇಳೆ ಹಸನು ಮಾಡಿ ಮುಗಿಸಿ ಮೊರ ನನ್ನ ಕೈಗೆ ಕೊಟ್ಟರು.

ಮರುದಿನ ಬೆಳಕು ಹರಿಯುವ ಮುಂಚೆಯೇ ಅವರ ಬಳೆಯ ಸದ್ದಾಯಿತು. ಎದ್ದು ಹೋಗಿ ನೋಡಿದೆ. ಮಿಂದು, ತಂಬಿಗೆಯಲ್ಲಿ ನೀರು ಹಿಡಿದು, ಹೊಸ್ತಿಲ ಮುಂದೆ ನಿಂತಿದ್ದರು. ಒಂದು ಕೈಯಿಂದ ಚೌಕಟ್ಟು ಹಿಡಿದು ಬಗ್ಗಲು ನೋಡಿದರು. ಅರ್ಧಕ್ಕೆ ನಿಂತರು. ಉಸಿರು ಬಿಟ್ಟು ಮತ್ತೊಮ್ಮೆ ನೋಡಿದರು. ಆಗಲಿಲ್ಲ. ತಂಬಿಗೆಯನ್ನು ನನ್ನ ಕಡೆ ಚಾಚಿ, "ನೀ ಹಾಕು. ನಾ ಹೇಳ್ತೀನಿ" ಎಂದರು.

ಈಗ ದಿನಾ ನಾನೇ ತೊಳೆಯುತ್ತೇನೆ. ಅವರು ಕುರ್ಚಿಯಲ್ಲಿ ಕೂತು, ಆ ಮೂಲೆ ಉಳಿಯಿತು, ಅರಿಶಿಣ ಅಷ್ಟು ದಪ್ಪ ಬೇಡ, ಆರಲಿ ತಡಿ, ಎಂದು ಹೇಳುತ್ತಿರುತ್ತಾರೆ. ಕಟ್ಟಿಗೆಗೆ ಹಳೆಯ ಬಣ್ಣ ನಿಧಾನವಾಗಿ ಬರುತ್ತಿದೆ. ಲಗೂ ಏಳುವುದು ಅಂಥ ಕಷ್ಟವೇನಲ್ಲ ಎಂದು ಗೊತ್ತಾಗಿದೆ. ಒಂದು ಬೆಳಗ್ಗೆಯೂ ಬಸ್ಸು ತಪ್ಪಿಲ್ಲ. ತೊಳೆಯುವ ಕೆಲಸ ನಾನು ಕಲಿತೆ, ಗುನುಗುವುದು ನನಗೆ ಬರುವುದಿಲ್ಲ, ಅವರೂ ಗುನುಗುವುದಿಲ್ಲ.

ಕಿಟಕಿ ಬದಲಾಯಿಸಿ ಔಷಧಿ ಮತ್ತೆ ಹೊಡೆದ ಮೇಲೆ ಕಂಪನಿಯವರು ಇನ್ನೊಂದು ಹಾಳೆ ಕಳಿಸಿದರು. ಅದನ್ನು ತಂದು ಅತ್ತೆಯ ಮುಂದೆ ಕೂತು ಓದಿದೆ. ಈ ಸಲ ಒಂದು ಅಕ್ಷರ ಬಿಡಲಿಲ್ಲ, ಒಂದು ಅಕ್ಷರ ಸೇರಿಸಲಿಲ್ಲ. ಕೂಲರಿನ ನೀರು ಗೋಡೆಗೆ ಇಳಿಯದಂತೆ ನೋಡಿಕೊಳ್ಳಬೇಕು ಎಂಬ ಸಾಲನ್ನು ಓದಿದಾಗ ಅತ್ತೆ ತಡೆದರು.

"ಹಂಗಂತ ಬರದದೇನು?" ಎಂದು ಕೇಳಿದರು.

ಸಿಟ್ಟಿನಲ್ಲಿ ಕೇಳಲಿಲ್ಲ, ಚುಚ್ಚಲೆಂದೂ ಕೇಳಲಿಲ್ಲ. ಇಷ್ಟು ವರ್ಷದಲ್ಲಿ ನಾನು ಓದಿದ ಯಾವ ಕಾಗದಕ್ಕೂ ಅವರು ಕೇಳದಿದ್ದ ಮಾತು ಅದು. ಈಗ ಗುಳಿಗೆಯ ಚೀಟಿ ಓದಿದರೂ ಕೇಳುತ್ತಾರೆ, ಬ್ಯಾಂಕಿನ ಸಂದೇಶ ಓದಿದರೂ ಕೇಳುತ್ತಾರೆ.

"ಹೌದ್ರೀ ಅತ್ತಿ, ಬರದದ" ಎಂದು ಆ ಸಾಲಿನ ಮೇಲೆ ಬೆರಳಿಟ್ಟು ತೋರಿಸಿದೆ. ಅವರು ಕುರ್ಚಿಯಿಂದ ಆದಷ್ಟು ಮುಂದಕ್ಕೆ ಬಾಗಿ, ಕನ್ನಡಕ ಸರಿಮಾಡಿಕೊಂಡು, ತಮಗೆ ಓದಲು ಬಾರದ ಆ ಅಕ್ಷರಗಳನ್ನು ನನ್ನ ಬೆರಳಿನ ಈ ತುದಿಯಿಂದ ಆ ತುದಿಯ ತನಕ ನೋಡಿದರು. ಆಮೇಲೆ, "ಆತು, ಮುಂದ ಓದು" ಎಂದರು.